ಮುಷ್ಟಿಯಲ್ಲಿ ಬಂದ ಇಷ್ಟಲಿಂಗ

ಶರಣ ಬಂಧುಗಳೇ, ಕಳೆದ ಶ್ರಾವಣದಲ್ಲಿ ನನ್ನ ಯಜಮಾನರು ಕುದುರೆ ಪಂದ್ಯದಲ್ಲಿ ಬಿದ್ದು ತೀರಿಕೊಂಡರು. ಅಕ್ಕಿಆಲೂರಿನವರು, ಜಾಕಿಯಾಗಿ ಹಂಗಾಮಿಗೆ ಹಂಗಾಮು ಚಾಂಪಿಯನ್ ಎನಿಸಿಕೊಂಡವರು. ಅವರನ್ನು ಆ ದಾರಿಗೆ ಹಚ್ಚಿದವರು ಕುದುರೆ ಪಳಗಿಸುವ ನನ್ನ ಸೋದರಮಾವ. ಬಿದ್ದದ್ದೂ ಮಾವ ಪಳಗಿಸಿದ ಕುದುರೆಯಿಂದಲೇ.

ಜಾಕಿಗೆ ತೂಕವೇ ಶತ್ರು. ಪಂದ್ಯ ಬಂತೆಂದರೆ ಯಜಮಾನರು ರೊಟ್ಟಿ ಬಿಟ್ಟು ನಿಂಬೆ ನೀರಿನ ಮೇಲೆ ಇರುತ್ತಿದ್ದರು. ಲಿಂಗವಿಡುವ ಬೆಳ್ಳಿಯ ಕರಡಿಗೆಯನ್ನು ಭಾರವೆಂದು ಮನೆಯಲ್ಲಿಟ್ಟು, ಇಷ್ಟಲಿಂಗವನ್ನು ಬಿಳಿ ಅರಿವೆಯಲ್ಲಿ ಸುತ್ತಿ ಕೊರಳಿಗೆ ಹಾಕಿಕೊಳ್ಳುತ್ತಿದ್ದರು. ಅದನ್ನು ಮಾತ್ರ ಎಂದೂ ಬಿಚ್ಚುವುದಿಲ್ಲ ಎಂದು ನನಗೆ ಮಾತು ಕೊಟ್ಟಿದ್ದರು.

ಆಸ್ಪತ್ರೆಯಿಂದ ದೇಹ ಊರಿಗೆ ಬಂದಾಗ ಕೊರಳು ಬರಿದಾಗಿತ್ತು. ಮಾವ ಎಲ್ಲರೆದುರು ಹೇಳಿದರು: "ತೂಕಕ್ಕಂತ ತಾನ ಬಿಚ್ಚಿಟ್ಟ. ಅವ ಶಿವನ್ನ ಇಳಿಸಿದ, ಕುದುರಿ ಅವನ್ನ ಇಳಿಸ್ತು."

ಜನ ತಲೆಯಾಡಿಸಿದರು. ನಾನೂ ನಂಬಿದೆ. ಅವರು ಸತ್ತದ್ದಕ್ಕಿಂತ ಮಾತು ಮುರಿದದ್ದೇ ಹೆಚ್ಚು ಉರಿಯಿತು, ಅಳು ಬರಲಿಲ್ಲ. ಕುಣಿ ತೋಡಿಯಾಗಿತ್ತು. ಹೂಳುವಾಗ ಅವರ ಅಂಗೈಯಲ್ಲಿಡಲು ಬೇರೆ ಲಿಂಗ ತರಿಸುವುದಾಗಿ ಮಠದ ಅಯ್ಯನವರು ಹೇಳಿದರು. ನಾನು ಅಡುಗೆಮನೆಯಲ್ಲಿ ಗೋಡೆಗೆ ಮುಖ ಮಾಡಿ, ನನ್ನ ಲಿಂಗ ಹಿಡಿದು ಬೇಡಿಕೊಂಡೆ: ಜೀವ ಕೇಳಿದೆ, ಕೊಡಲಿಲ್ಲ. ಅವರು ನಿನ್ನನ್ನು ಬಿಟ್ಟಿರಲಿಲ್ಲ ಎಂಬುದನ್ನಾದರೂ ಮಣ್ಣಿಗಿಡುವ ಮೊದಲು ತೋರಿಸು.

ಮಧ್ಯಾಹ್ನದ ಬಸ್ಸಿಗೆ ರಫೀಕ ಬಂದ. ಸವಣೂರಿನವನು, ಪಂದ್ಯಗಳಲ್ಲಿ ಯಜಮಾನರ ಎದುರಾಳಿ. ಬಲಗೈ ಮುಷ್ಟಿ ಬಿಗಿದುಕೊಂಡೇ ಒಳಗೆ ಬಂದ.

"ಅಕ್ಕಾರ, ಅಂಬುಲೆನ್ಸಿನಾಗ ಎದಿ ನೋಡಾಕ ದಾರಾ ಕತ್ತರಿಸಿದ್ರು. ಕೆಳಗ ಬಿದ್ದದ್ದನ್ನ ನಾ ಎತ್ತಿಕೊಂಡ್ನಿ. ಕಿಸೆದಾಗ ಇಡಬಾರದೇನೋ ಅಂತ ಕೈಯಾಗ ಹಿಡಕೊಂಡ ಬಂದೇನಿ. ತಪ್ಪಾಗಿದ್ರ ಹೊಟ್ಟ್ಯಾಗ ಹಾಕ್ಕೋರಿ."

ಮುಷ್ಟಿ ಬಿಚ್ಚಿದ. ಲಿಂಗ ಸುತ್ತಿದ ಅರಿವೆ ಅವನ ಬೆವರಿಗೆ ತೊಯ್ದಿತ್ತು. ದಾರ ತುಂಡಾಗಿತ್ತು, ನಾನು ಹಾಕಿದ ಗಂಟು ಹಾಗೇ ಇತ್ತು.

ಮತ್ತೆ ಯಾರು ನೋಡಿದರೆಂದು ಅಯ್ಯನವರು ಕೇಳಿದ್ದಕ್ಕೆ, ದಾರ ಕತ್ತರಿಸುವಾಗ ಮಾವನೂ ಅಲ್ಲೇ ನಿಂತಿದ್ದರೆಂದು ಹೇಳಿದ. ಆಮೇಲೆ ಮಾವನ ಕಡೆ ತಿರುಗಿ ಮೆಲ್ಲಗೆ, "ಮಾಮಾರ, ಕುದುರಿ ಮುಂಗಾಲ ಕುಂಟತೈತಿ, ಇವತ್ತ ಬ್ಯಾಡ ಅಂತ ಅವ ನಿಮ್ಮ ಮುಂದ ಅಂದಾಗೂ ನಾ ಅಲ್ಲೇ ಇದ್ನಿ" ಎಂದ.

ಮಾವ ಮಣ್ಣು ಹಾಕುವ ಮೊದಲೇ ಕಾರು ಹತ್ತಿ ಹೋದರು.

ಯಜಮಾನರ ಎಡಗೈಯಲ್ಲಿ ಅವರದೇ ಲಿಂಗವನ್ನಿಟ್ಟು ಬೆರಳು ಮಡಚಿದೆ. ಆಗ ಅಳು ಬಂತು.

ಹೊತ್ತು ಮೀರುವ ಮೊದಲು ಸತ್ಯವನ್ನು ಮನೆಬಾಗಿಲಿಗೆ ಕಳಿಸಿದ ಶಿವನಿಗೆ ಶರಣು. ಮಾವನನ್ನು ಕ್ಷಮಿಸೆಂದು ಹಿರಿಯರು ಹೇಳುತ್ತಾರೆ, ಇನ್ನೂ ಆಗಿಲ್ಲ. ಆ ಸಿಟ್ಟು ಇಟ್ಟುಕೊಂಡೇ ದಿನಾ ಪೂಜೆಗೆ ಕೂಡುತ್ತೇನೆ. ಶಿವ ನನ್ನನ್ನು ಎಬ್ಬಿಸಿ ಕಳಿಸಿಲ್ಲ.