ಹೊತ್ತು ಹುಟ್ಟದ ಊರಿನ ಹುಡುಗಿ

“ಎಳ್ಡ್ ತಿಂಗ್ಳು ಉಪಾಸ ಇರ್ತೀಯೇನವ್ವಾ?” ಎನ್ನುತ್ತಾ ನಮ್ಮ ಸೋದರತ್ತೆ ಆ ವಿದೇಶಿ ಹುಡುಗಿಯ ತಟ್ಟೆಗೆ ಎರಡನೇ ಮುದ್ದೆ ಇಟ್ಟೇಬಿಟ್ಟರು.

ತಪ್ಪು ನನ್ನದೇ. ತೊಂಬತ್ತರ ದಶಕದ ಒಂದು ಮಧ್ಯಾಹ್ನ, ಹೊಸಹೊಳಲು ದೇವಸ್ಥಾನ ನೋಡಲು ಬಂದು ಬಸ್ಸು ತಪ್ಪಿಸಿಕೊಂಡಿದ್ದ ಅವಳನ್ನು ನಾನೇ ಊಟಕ್ಕೆ ಕರೆತಂದಿದ್ದೆ. ನಾರ್ವೆಯ ತುತ್ತತುದಿಯಲ್ಲಿದೆಯಂತೆ ಅವಳ ಊರು. ಚಳಿಗಾಲದಲ್ಲಿ ಬಂದರೆ ನಾಯಿಗಳು ಎಳೆಯುವ ಗಾಡಿ ಹತ್ತಬಹುದು, ಮಂಜುಗಡ್ಡೆ ಕೊರೆದು ಮೀನು ಹಿಡಿಯಬಹುದು, ಆಕಾಶದಲ್ಲಿ ಹಸಿರು ಬೆಳಕು ಕುಣಿಯುವುದನ್ನು ನೋಡಬಹುದು ಎಂದಳು. ಆಗ ಎರಡು ತಿಂಗಳು ಹೊತ್ತೇ ಹುಟ್ಟುವುದಿಲ್ಲ ಎಂದೂ ಸೇರಿಸಿದಳು. ನಾನು ಎಲ್ಲವನ್ನೂ ಅತ್ತೆಗೆ ಕನ್ನಡದಲ್ಲಿ ಒಪ್ಪಿಸಿದೆ. ಹುಟ್ಟಿದ ಸೂರ್ಯನಿಗೆ ಕೈಮುಗಿಯದೆ ಅವರು ತೊಟ್ಟು ನೀರೂ ಕುಡಿಯುವವರಲ್ಲ. ನಾಯಿಗಾಡಿ, ಮೀನು ಯಾವುದೂ ಅವರ ಕಿವಿಗೆ ಬೀಳಲೇ ಇಲ್ಲ.

“ಅಯ್ಯೋ ಅತ್ತೆ, ಅವ್ರು ಮೂರೊತ್ತೂ ಉಣ್ತಾರಂತೆ” ಎಂದೆ.

“ಸುಮ್ಕಿರ್ಲಾ! ಒತ್ತೇ ಉಟ್ದಿದ್ ಮೇಲೆ ಮೂರೊತ್ತು ಎಲ್ಲಿಂದ್ಲಾ ಬಂತು?”

ಹುಡುಗಿಯ ತಟ್ಟೆಗೆ ಮೂರನೇ ಮುದ್ದೆ ಬಿತ್ತು.

ಮರುದಿನದಿಂದ ಅತ್ತೆ ಬೆಳಿಗ್ಗೆ ಸೂರ್ಯನಿಗೆ ಕೈಮುಗಿದ ಮೇಲೆ ಒಂದು ಮಾತು ಹೆಚ್ಚಿಗೆ ಹೇಳತೊಡಗಿದರು: “ಆ ಮಗೀನ ಊರ್ಗೂ ಒಂದೀಟು ಓಗ್ಬಾರಪ್ಪ.”