ಮೈಕಕ್ಕ ಮಾಡಿದ ಪ್ರಕಟಣೆ

ಅವಳನ್ನು ಎಲ್ಲರೂ ಮೈಕಕ್ಕ ಎಂದೇ ಕರೆಯುತ್ತಿದ್ದರು. ಮೈಕ್ ಸೆಟ್ ಬಾಡಿಗೆಗೆ ಕೊಡುವುದು ಅವಳ ಅಪ್ಪ ಮಾಡಿಕೊಂಡು ಬಂದ ಕಸುಬು. ಅಪ್ಪ ಹೋದ ಮೇಲೆ, ವೈರು ಎಳೆಯುವ ಕೆಲಸ ತನ್ನ ಮಟ್ಟಕ್ಕಲ್ಲ ಎಂದು ಅಣ್ಣ ಕೈ ತೊಳೆದುಕೊಂಡ. ಅಂಗಡಿ, ಆಂಪ್ಲಿಫೈಯರು, ತುಕ್ಕು ಹಿಡಿದ ಸ್ಟ್ಯಾಂಡುಗಳು, ಕಿವಿ ಮಂದವಾದ ಅಮ್ಮ, ಎಲ್ಲವೂ ತಂಗಿಯ ಪಾಲಿಗೆ ಬಂದವು. ಸ್ಪೀಕರ್ ಡಬ್ಬವನ್ನು ಸೊಂಟಕ್ಕೆ ಆನಿಸಿಕೊಂಡು ಮಹಡಿ ಹತ್ತುವ ಹೆಂಗಸನ್ನು ಕಂಡು ಮೊದಮೊದಲು ಜನ ಹುಬ್ಬೇರಿಸಿದರು. ಆಮೇಲೆ ಅಭ್ಯಾಸವಾಯಿತು.

ಅವಳ ಖಾಯಂ ಗಿರಾಕಿಗಳಲ್ಲಿ ಒಂದು ಸೇವಾ ಸಂಘವಿತ್ತು. ಅಧ್ಯಕ್ಷರದು ಪೀಠೋಪಕರಣದ ಅಂಗಡಿ. ವೇದಿಕೆಯ ಸೋಫಾಗಳು ಅಲ್ಲಿಂದಲೇ ಬರುತ್ತಿದ್ದವು, ಬೆಲೆ ಚೀಟಿ ಸಮೇತ. ಕಾರ್ಯದರ್ಶಿ ವಿಮಾ ಏಜೆಂಟ್. ಯಾರ ಕೈ ಕುಲುಕಿದರೂ ಅವರ ಆಯುಸ್ಸಿನ ಲೆಕ್ಕ ಹಾಕುವವನಂತೆ ನೋಡುತ್ತಿದ್ದ. ಇವರು ಯಾವ ವರ್ಷ ಏನನ್ನು ಉದ್ಧಾರ ಮಾಡಬೇಕೆಂಬುದು ಮೇಲಿನ ಕಚೇರಿಯಿಂದ ಬರುತ್ತಿತ್ತು. ಹಿಂದಿನ ವರ್ಷ ಹಲ್ಲಿನ ಆರೋಗ್ಯ. ಈ ವರ್ಷ ಮಹಿಳೆಯರ ಮತ್ತು ಹೆಣ್ಣುಮಕ್ಕಳ ಸಬಲೀಕರಣ. ಅಧ್ಯಕ್ಷರು ಹಳೆಯ ಭಾಷಣವನ್ನೇ ತಂದಿದ್ದರು. ಹಲ್ಲು ಇದ್ದ ಜಾಗದಲ್ಲೆಲ್ಲ ಹೆಣ್ಣು ಎಂದು ತಿದ್ದಿದ್ದರು. ಹೆಣ್ಣನ್ನು ದಿನಕ್ಕೆರಡು ಬಾರಿ ಉಜ್ಜಬೇಕು ಎಂದು ಹೇಳಲಿಲ್ಲವಲ್ಲ, ಅದೇ ಪುಣ್ಯ.

ಸಮಾರಂಭದ ದಿನ ಸಭಾಂಗಣ ಖಾಲಿ ಕಾಣಬಾರದೆಂದು ಪಕ್ಕದ ಹೈಸ್ಕೂಲಿನ ಹುಡುಗಿಯರನ್ನು ಬೆಳಿಗ್ಗೆಯೇ ಸಾಲಾಗಿ ನಡೆಸಿಕೊಂಡು ಬಂದು ಕೂರಿಸಿದರು. ಸಬಲರಾಗಬೇಕಾದವರು ಕೆಳಗೆ, ಮಾಡುವವರು ಮೇಲೆ. ವೇದಿಕೆಯ ಮೇಲಿದ್ದವರೆಲ್ಲ ಗಂಡಸರೇ. ಒಂದು ತುದಿಯ ಕುರ್ಚಿಯಲ್ಲಿ ಮಾತ್ರ ಅಧ್ಯಕ್ಷರ ಹೆಂಡತಿ ವಂದನಾರ್ಪಣೆಯ ಚೀಟಿ ಹಿಡಿದುಕೊಂಡು ಕೂತಿದ್ದರು. ಮುಖ್ಯ ಅತಿಥಿ ಬರುವುದು ತಡವಾಗುತ್ತದೆ ಎಂಬ ಸುದ್ದಿ ಬಂತು. ಅಷ್ಟರವರೆಗೆ ತಾನೇ ಎಳೆಯುತ್ತೇನೆಂದು ಅಧ್ಯಕ್ಷರು ಮೈಕ್ ಹಿಡಿದರು. ಎಳೆಯುವುದರಲ್ಲಿ ಅವರು ಎತ್ತಿದ ಕೈ.

ನಡುವೆ ಹುಡುಗಿಯರಿಗೆಲ್ಲ ದೊಡ್ಡ ಲೋಟದಲ್ಲಿ ಹಣ್ಣಿನ ರಸ ಹಂಚಿದರು. ಫೋಟೋ ತೆಗೆದರು. ಭಾಷಣ ಮುಂದುವರಿಯಿತು.

ಸಭಾಂಗಣದ ಮೂಲೆಯಲ್ಲಿ ಆಂಪ್ಲಿಫೈಯರಿನ ಮುಂದೆ ಕೂತಿದ್ದ ಮೈಕಕ್ಕನ ಬಳಿಗೆ ಒಬ್ಬ ಹುಡುಗಿ ಬಗ್ಗಿಕೊಂಡು ಬಂದಳು. ಮುಖ ಬೆವತಿತ್ತು.

"ಅಕ್ಕಾ, ಟಾಯ್ಲೆಟ್‌ಗೆ ಬೀಗ ಹಾಕಿದಾರೆ. ಮಿಸ್ಸನ್ನ ಕೇಳಿದ್ರೆ ಸುಮ್ನೆ ಕೂತ್ಕೋ ಅಂತಾರೆ. ನಮ್ಮ ಸಾಲಲ್ಲಿ ಎಲ್ರಿಗೂ ಹೀಗೇ ಆಗಿದೆ."

ಗಂಡಸರಿಗೆ ಈ ತೊಂದರೆ ಇರಲಿಲ್ಲ. ಸಂಘದ ಸದಸ್ಯರು ಆಗಾಗ ಎದ್ದು ಹೋಗಿ, ಹಿಂದಿನ ಕಾಂಪೌಂಡ್ ಗೋಡೆಯನ್ನು ಸಬಲಗೊಳಿಸಿ ಬರುತ್ತಿದ್ದರು.

ಮೈಕಕ್ಕ ಕಾರ್ಯದರ್ಶಿಯ ಬಳಿಗೆ ಹೋದಳು. "ಸಾರ್, ಟಾಯ್ಲೆಟ್ ಕೀ ಕೊಡಿ. ಹುಡುಗೀರಿಗೆ ಹೋಗ್ಬೇಕಂತೆ."

ಅವನು ಪ್ಯಾಂಟಿನ ಜೇಬಿನಲ್ಲಿದ್ದ ಕೀಯನ್ನು ಮೇಲಿಂದಲೇ ತಟ್ಟಿ ನೋಡಿಕೊಂಡ. "ಈಗ್ಲಾ? ಮುಖ್ಯ ಅತಿಥಿ ಬರೋವರೆಗೂ ಅದು ಕ್ಲೀನಾಗಿರ್ಬೇಕು ಕಣಮ್ಮ. ಇಷ್ಟು ಹುಡುಗೀರನ್ನ ಬಿಟ್ರೆ ಏನು ಗತಿ?"

"ಮಕ್ಕಳು ಒದ್ದಾಡ್ತಿದಾರೆ ಸಾರ್."

"ಕಾರ್ಯಕ್ರಮ ಮುಗೀಲಿ. ನೀನು ನಿನ್ನ ಮೈಕ್ ನೋಡ್ಕೋ ಹೋಗು."

ಅವಳು ಬಂದು ಕೂತಳು. ವೇದಿಕೆಯ ಮೇಲೆ ಅಧ್ಯಕ್ಷರು ಮುಷ್ಟಿ ಎತ್ತಿ, "ಹೆಣ್ಣು ದನಿ ಎತ್ತಬೇಕು! ನಾಚಿಕೆ ಬಿಟ್ಟು ಕೇಳಬೇಕು!" ಎಂದು ಗುಡುಗುತ್ತಿದ್ದರು. ಹಿಂದಿನ ಸಾಲಿನಲ್ಲಿ ಒಂದು ಚಿಕ್ಕ ಹುಡುಗಿ ತುಟಿ ಕಚ್ಚಿಕೊಂಡು ಅಳುತ್ತಿದ್ದಳು. ಮೈಕಕ್ಕನಿಗೆ ಮೈಯೆಲ್ಲ ಉರಿದುಹೋಯಿತು. ಅವಳು ಅಧ್ಯಕ್ಷರ ಮೈಕಿನ ಗುಂಡಿಯನ್ನು ಪೂರ್ತಿ ತಿರುಗಿಸಿ ದನಿ ಇಳಿಸಿದಳು. ಚೆಕ್ ಮಾಡಲು ಇಟ್ಟುಕೊಂಡಿದ್ದ ತನ್ನ ಮೈಕನ್ನು ಕೈಗೆತ್ತಿಕೊಂಡಳು.

"ಹಲೋ. ದನಿ ಎತ್ತಿ ಅಂತ ಅಧ್ಯಕ್ಷರು ಹೇಳಿದ್ರು, ಅದಕ್ಕೇ ಎತ್ತಿದೀನಿ. ಕಾರ್ಯದರ್ಶಿಗಳೇ, ಟಾಯ್ಲೆಟ್ ಬೀಗದ ಕೀ ನಿಮ್ಮ ಪ್ಯಾಂಟಿನ ಜೇಬಲ್ಲಿದೆ. ರಸ ಕುಡಿಸಿ ಹುಡುಗೀರನ್ನ ಹೀಗೆ ಕೂಡಿಹಾಕ್ಬೇಡಿ. ಕೀ ಕೊಟ್ಟು ಕಳಿಸಿ."

 ಎಲ್ಲೋ ಒಂದು ಕಿಸಕ್ಕೆಂಬ ನಗು ಹುಟ್ಟಿ ಸಾಲಿನಿಂದ ಸಾಲಿಗೆ ಹರಿಯಿತು. ವೇದಿಕೆಯ ಮೇಲೆ ಅಧ್ಯಕ್ಷರ ಬಾಯಿ ಆಡುತ್ತಲೇ ಇತ್ತು, ದನಿ ಮಾತ್ರ ಇಲ್ಲ. ಕಾರ್ಯದರ್ಶಿ ಕೀ ಎಲ್ಲಿದೆಯೋ ತನಗೇ ಗೊತ್ತಿಲ್ಲವೆಂಬಂತೆ ಅಂಗಿಯ ಜೇಬು ತಡಕತೊಡಗಿದ. ಮುಂದಿನ ಸಾಲಿನಲ್ಲಿದ್ದ ಸಂಘದ ಸದಸ್ಯೆಯೊಬ್ಬರು ಎದ್ದರು. ನಿವೃತ್ತ ನರ್ಸ್ ಅವರು, ಎಲ್ಲರಿಗೂ ನರ್ಸಮ್ಮ. "ಪ್ಯಾಂಟು ಅಂದ್ಳಲ್ಲಪ್ಪ, ಅಂಗಿ ಅಲ್ಲ," ಎಂದು ಕೈಯೊಡ್ಡಿ ಅವನೆದುರು ನಿಂತರು. ಕೀ ಹೊರಗೆ ಬಂತು.

ಹುಡುಗಿಯರು ಸಾಲುಸಾಲಾಗಿ ಎದ್ದುಹೋದರು. ಮುಖ್ಯ ಅತಿಥಿ ಹೂಗುಚ್ಛ ಹಿಡಿದು ಒಳಗೆ ಬಂದಾಗ ಖಾಲಿ ಕುರ್ಚಿಗಳು ಅವರನ್ನು ಸ್ವಾಗತಿಸಿದವು. ಜನ ಎಲ್ಲಿ ಎಂದು ಕೇಳಿದರೆ ಅಧ್ಯಕ್ಷರು ಏನು ಹೇಳಿಯಾರು? ಮುಖ ಸುಟ್ಟ ಬದನೆಕಾಯಿಯಂತಾಗಿತ್ತು.

ಆವತ್ತಿನಿಂದ ಸಂಘ ಅವಳನ್ನು ಕರೆಯಲಿಲ್ಲ. ಅಷ್ಟಕ್ಕೇ ಬಿಡಲೂ ಇಲ್ಲ. ಉಳಿದ ಸಂಘಗಳಿಗೂ ಕಿವಿಯೂದಿದರು. ಮಹಿಳಾ ಸಬಲೀಕರಣದ ವರ್ಷವಿಡೀ ಒಬ್ಬ ಮಹಿಳೆಯ ಕೆಲಸ ತಪ್ಪಿಸುವುದರಲ್ಲಿ ಅವರು ತೋರಿದ ಒಗ್ಗಟ್ಟನ್ನು ಬೇರೆ ಯಾವ ಯೋಜನೆಯಲ್ಲೂ ತೋರಿರಲಿಲ್ಲ. ಅಂಗಡಿಯಲ್ಲಿ ಸ್ಪೀಕರ್ ಡಬ್ಬಗಳ ಮೇಲೆ ಧೂಳು ಕೂತಿತು. ಅಣ್ಣ ಬಂದು ಬಾಗಿಲಲ್ಲೇ ನಿಂತು ಬೈದ.

"ದೊಡ್ಡವರನ್ನ ಎದುರು ಹಾಕ್ಕೊಂಡು ಬದುಕಕ್ಕಾಗುತ್ತೇನೆ? ನಿನ್ನ ಬಾಯಿಗೊಂದು ವಾಲ್ಯೂಮ್ ಗುಂಡಿ ಇಲ್ವಾ?"

"ಇದೆ ಕಣಣ್ಣ. ಆವತ್ತು ಅದನ್ನೇ ತಿರುಗಿಸಿದ್ದು."

ಮಾತೇನೋ ಜೋರಾಗಿಯೇ ಆಡಿದಳು. ಆದರೆ ಅವನು ಹೋದ ಮೇಲೆ ಮಾಡಲು ಕೆಲಸವಿಲ್ಲದೆ ಸುತ್ತಿಟ್ಟ ವೈರನ್ನೇ ಬಿಚ್ಚಿ ಮತ್ತೆ ಸುತ್ತಿದಳು. ಭಯವಾಗುತ್ತಿತ್ತು. ಆ ಹುಡುಗಿಯ ತುಟಿ ನೆನಪಾದಾಗ ಮಾತ್ರ, ಇನ್ನೂ ಸ್ವಲ್ಪ ಹೇಳಬೇಕಿತ್ತು ಅನಿಸುತ್ತಿತ್ತು.

ಒಂದು ದಿನ ನರ್ಸಮ್ಮ ಅಂಗಡಿಗೆ ಬಂದರು.

"ಸಂಘ ಬಿಟ್ಟೆ ಕಣೇ. ಅಲ್ಲಿ ಬಿಸ್ಕತ್ತು ತಿಂದು ತಿಂದು ಸಾಕಾಯ್ತು. ಸ್ಕೂಲಿಗೆ ಹೋಗಿದ್ದೆ. ಆ ಹುಡುಗೀರ ಟಾಯ್ಲೆಟ್ ಬಾಗಿಲಿಗೆ ಚಿಲಕಾನೇ ಇಲ್ಲ. ಒಬ್ಳು ಒಳಗೆ ಹೋದ್ರೆ ಇನ್ನೊಬ್ಳು ಬಾಗಿಲು ಹಿಡ್ಕೊಂಡು ನಿಲ್ಬೇಕು. ತಿಂಗಳ ಆ ದಿನಗಳಲ್ಲಿ ಎಷ್ಟೋ ಹುಡುಗೀರು ಸ್ಕೂಲಿಗೇ ಬರಲ್ವಂತೆ. ನಿನ್ನ ಹತ್ರ ಸ್ಕ್ರೂಡ್ರೈವರ್ ಇದೆಯಲ್ಲ?"

ರಜೆಯ ದಿನ ಇಬ್ಬರೂ ಹೋಗಿ ಬಾಗಿಲಿಗೊಂದರಂತೆ ಚಿಲಕ ಕೂರಿಸಿ ಬಂದರು. ರಿಬ್ಬನ್ ಇರಲಿಲ್ಲ, ಫೋಟೋ ಇರಲಿಲ್ಲ, ಚಿಲಕವನ್ನು ಲೋಕಾರ್ಪಣೆ ಮಾಡಲು ಗಣ್ಯರೂ ಇರಲಿಲ್ಲ. ಆದರೂ ಬಾಗಿಲುಗಳು ಮುಚ್ಚಿಕೊಂಡವು. ಆಮೇಲೆ ನರ್ಸಮ್ಮ ವಾರಕ್ಕೊಮ್ಮೆ ಹೋಗಿ ಹುಡುಗಿಯರ ಜೊತೆ ಮಾತಿಗೆ ಕೂರತೊಡಗಿದರು. ಅದಕ್ಕೆ ಮೈಕ್ ಬೇಕಾಗಲಿಲ್ಲ.

ಮೈಕಕ್ಕನ ಕೈಗೂ ನಿಧಾನವಾಗಿ ಕೆಲಸ ಬಂತು. ಶಾಲೆಯ ಆಟೋಟಕ್ಕೆ ಕರೆದರು. ಹುಡುಗಿಯರ ತಾಯಂದಿರಲ್ಲಿ ಅನೇಕರು ಬಟ್ಟೆ ಕಾರ್ಖಾನೆಯಲ್ಲಿ ದುಡಿಯುವವರು. ಮಕ್ಕಳಿಂದ ಕಥೆ ಕೇಳಿದ್ದರು. ಕಾರ್ಖಾನೆಯ ಗೇಟಿನೆದುರು ಅವರು ಸಭೆ ನಡೆಸುವಾಗಲೆಲ್ಲ "ಆ ಬೀಗದ ಕೀ ಅಕ್ಕನ್ನೇ ಕರೀರಿ" ಎನ್ನುತ್ತಿದ್ದರು. ಮೊದಲಿನಷ್ಟು ಗಿರಾಕಿಗಳಿಲ್ಲ, ಆದರೆ ಅಂಗಡಿ ಮುಚ್ಚಲಿಲ್ಲ.

ವರ್ಷ ಮುಗಿಯುತ್ತ ಬಂದಂತೆ ಮೇಲಿನ ಕಚೇರಿಯವರು ಸಂಘವನ್ನು ಕೇಳಿದರಂತೆ: ಎಷ್ಟು ಮಹಿಳೆಯರನ್ನು ಸಬಲಗೊಳಿಸಿದಿರಿ, ತೋರಿಸಿ. ರಸ ಹಂಚಿದ ಫೋಟೋಗಳ ನಡುವೆ ಹುಡುಕಿದರೆ ಕೆಲಸಕ್ಕೆ ಬರುವಂಥದ್ದು ಸಿಕ್ಕಿದ್ದು ಒಂದೇ. ಮೈಕ್ ಹಿಡಿದು, ಕಣ್ಣು ಕೆಂಪಗೆ ಮಾಡಿಕೊಂಡು ಮಾತನಾಡುತ್ತಿರುವ ಹೆಂಗಸಿನದು. ಕಾರ್ಯದರ್ಶಿಯ ಫೋನ್ ಬಂತು. ದನಿಯಲ್ಲಿ ಜೇನು ಸುರಿಯುತ್ತಿತ್ತು.

"ಅಮ್ಮಾ, ಚೆನ್ನಾಗಿದೀರಾ? ನಿಮಗೆ 'ವರ್ಷದ ಧೀರ ಮಹಿಳೆ' ಪ್ರಶಸ್ತಿ ಕೊಡ್ಬೇಕು ಅಂತ ತೀರ್ಮಾನ ಆಗಿದೆ. ನಮ್ಮ ವೇದಿಕೆಯಲ್ಲೇ ಅಲ್ವೇ ನಿಮಗೆ ಧೈರ್ಯ ಬಂದಿದ್ದು!"

"ಹೌದು ಸಾರ್. ನಿಮ್ಮ ಜೇಬಿಂದ ಬಂತು."

ಅವನು ನಕ್ಕಂತೆ ಮಾಡಿದ. "ಹ್ಹೆ ಹ್ಹೆ. ಶನಿವಾರ ಸಂಜೆ ಸಮಾರಂಭ, ಬರ್ತೀರಲ್ಲ? ಬರೋವಾಗ ಹಾಗೇ ಮೈಕ್ ಸೆಟ್ಟೂ ತಂದ್ಬಿಡಿ. ಪ್ರಶಸ್ತಿ ಅಂದ್ಮೇಲೆ ಬಾಡಿಗೆ ಗೀಡಿಗೆ ಅಂತ ನಾವು ನಾವೇ ಮಾತಾಡೋದು ಚೆನ್ನಾಗಿರಲ್ಲ."

"ಅವತ್ತು ನನಗೆ ಬೇರೆ ಕೆಲಸ ಇದೆ ಸಾರ್," ಎಂದು ಅವಳು ಫೋನ್ ಇಟ್ಟಳು.

ಕೆಲಸವಿದ್ದದ್ದು ನಿಜವೇ. ಆ ಸಂಜೆ ಅವಳು ಕಾರ್ಖಾನೆಯ ಗೇಟಿನೆದುರು ಸ್ಪೀಕರ್ ಕಟ್ಟುತ್ತಿದ್ದಳು. ಅತ್ತ ಸಭಾಂಗಣದಲ್ಲಿ ಸಮಾರಂಭ ಸಾಂಗವಾಗಿ ನಡೆಯಿತು. ಪುರಸ್ಕೃತೆ ಬಾರದಿದ್ದರೂ ಯಾರಿಗೂ ಅಡಚಣೆಯಾಗಲಿಲ್ಲ. ಪ್ರಶಸ್ತಿ ಪ್ರದಾನ ಮಾಡಿದವರು ಅಧ್ಯಕ್ಷರು. ಧೀರ ಮಹಿಳೆಯ ಪರವಾಗಿ ಅದನ್ನು ಸ್ವೀಕರಿಸಿದವರೂ ಅಧ್ಯಕ್ಷರೇ. ಫೋಟೋಗ್ರಾಫರ್ ಹೇಳಿದನೆಂದು ಮತ್ತೊಮ್ಮೆ, ಈ ಸಲ ನಗುತ್ತಾ, ಸ್ವೀಕರಿಸಿದರು.