ಮೊದಲ ಸಾಲಿನ ನಗುವಕ್ಕ

ಕುರ್ಚಿ ಬಾಡಿಗೆಗೆ ಕೊಡುವ ಅಂಗಡಿಯೊಂದರಲ್ಲಿ ಅವಳಿಗೆ ಎರಡು ಕೆಲಸ. ಹರಿದ ಕುರ್ಚಿಗವಸುಗಳನ್ನು ಹೊಲಿಯುವುದು ಒಂದು, ನಗುವುದು ಇನ್ನೊಂದು. ಹೊಲಿಗೆಯನ್ನು ಕಷ್ಟಪಟ್ಟು ಕಲಿತಿದ್ದಳು. ನಗು ಹುಟ್ಟಿನಿಂದಲೇ ಬಂದದ್ದು.

ಅದು ಅಂತಿಂಥ ನಗುವಲ್ಲ. ಮೊದಲು ಹೊಟ್ಟೆಯೊಳಗೆ ಕುಲುಕುಲು ಅನ್ನುವುದು, ಆಮೇಲೆ ಕುಕ್ಕರಿನ ಸೀಟಿಯ ಹಾಗೆ ಒಮ್ಮೆಲೇ ಮೇಲೆದ್ದು ಬರುವುದು. ಪಕ್ಕದಲ್ಲಿ ಕೂತವರು ಯಾಕೆ, ಏನು ಎಂದು ಕೇಳದೆ ತಾವೂ ನಗತೊಡಗುವರು. ಮದುವೆಯಾದ ಹೊಸದರಲ್ಲಿ ಈ ನಗುವನ್ನು ನಿಲ್ಲಿಸಲು ಅತ್ತೆ ಪಟ್ಟ ಪಾಡು ಅಷ್ಟಿಷ್ಟಲ್ಲ. ಅತ್ತೆ ಹೋದರು, ಕೆಲವು ವರ್ಷಕ್ಕೆ ಗಂಡನೂ ಹೋದ, ನಗು ಮಾತ್ರ ಉಳಿಯಿತು. ಜೊತೆಗೆ ಒಬ್ಬಳು ಮಗಳು, ಒಂದು ಹೊಲಿಗೆ ಯಂತ್ರ.

ಈ ನಗುವಿಗೂ ಮಾರುಕಟ್ಟೆ ಇದೆ ಎಂದು ಕಂಡುಹಿಡಿದವನು ಅಂಗಡಿಯ ಮಾಲೀಕ. ಒಂದು ದಿನ ಗೋದಾಮಿನಲ್ಲಿ ಒಂದರೊಳಗೊಂದು ಪೇರಿಸಿಟ್ಟಿದ್ದ ಪ್ಲಾಸ್ಟಿಕ್ ಕುರ್ಚಿಗಳ ಗೋಪುರ ಕುಸಿದು ಅವನ ಕಾಲ ಮೇಲೆ ಬಿತ್ತು. ಅವಳಿಗೆ ತಡೆಯಲಾಗಲಿಲ್ಲ. ಅವಳು ನಕ್ಕಳು, ಹಮಾಲರು ನಕ್ಕರು, ಕೊನೆಗೆ ಪಾದ ಹಿಡಿದುಕೊಂಡು ಕುಂಟುತ್ತಿದ್ದ ಮಾಲೀಕನೂ ನಕ್ಕ. ಬೇರೆಯವನಾಗಿದ್ದರೆ ಅವತ್ತೇ ಕೆಲಸದಿಂದ ಕಿತ್ತುಹಾಕುತ್ತಿದ್ದ. ಈತ ವ್ಯಾಪಾರಸ್ಥ, ನೋವಿನಲ್ಲೂ ತಲೆ ಓಡಿತು.

ರಾಜಕೀಯ ಸಭೆಗಳಿಗೆ ಅವನು ಕುರ್ಚಿ ಒದಗಿಸುತ್ತಿದ್ದ. ಖಾಲಿ ಕುರ್ಚಿ ಫೋಟೋದಲ್ಲಿ ಚೆನ್ನಾಗಿ ಕಾಣುವುದಿಲ್ಲವಾದ್ದರಿಂದ, ಬೇಕೆಂದವರಿಗೆ ಅದರ ಮೇಲೆ ಕೂರುವವರನ್ನೂ ಒದಗಿಸುತ್ತಿದ್ದ. ಅಂದಿನಿಂದ ಮೊದಲ ಸಾಲಿನ ನಡುವಿನ ಕುರ್ಚಿ ಅವಳದಾಯಿತು. ಹೆಸರೂ ಬದಲಾಯಿತು. ಎಲ್ಲರ ಬಾಯಲ್ಲೂ ಅವಳು ನಗುವಕ್ಕ.

ಭಾಷಣ ಕೇಳುವುದು ಈ ಕೆಲಸದ ಭಾಗವಾಗಿರಲಿಲ್ಲ. ವೇದಿಕೆಯ ಪಕ್ಕದಲ್ಲಿ, ಕೂರಲು ಬಾಡಿಗೆಗೆ ಬಂದ ಹೆಂಗಸರ ಕಣ್ಣಿಗೆ ಬೀಳುವ ಹಾಗೆ, ಮಾಲೀಕನ ಭಾವಮೈದ ನಿಂತಿರುತ್ತಿದ್ದ. ದಪ್ಪ ಗಾಜಿನ ಕನ್ನಡಕದ ಮನುಷ್ಯ, ಹಾಗಾಗಿ ಹೆಂಗಸರ ಪಾಲಿಗೆ ಕನ್ನಡಕದಣ್ಣ. ಅವನು ಜೇಬಿನಿಂದ ಪೆನ್ನು ತೆಗೆದರೆ ಚಪ್ಪಾಳೆ. ಕನ್ನಡಕ ತೆಗೆದು ಒರೆಸಿದರೆ ನಗು. ಇಷ್ಟು ಸರಳವಾದ ಪ್ರಜಾಪ್ರಭುತ್ವಕ್ಕೆ ಓದುಬರಹವೂ ಬೇಕಿಲ್ಲ. ನಗುವಕ್ಕ ಕಣ್ಣನ್ನು ಕನ್ನಡಕದ ಮೇಲಿಟ್ಟು, ಮನಸ್ಸನ್ನು ಗೋದಾಮಿಗೆ ಕಳಿಸಿ, ಯಾವ ಗವಸಿಗೆ ಎಲ್ಲಿ ತೇಪೆ ಹಾಕಬೇಕು ಎಂದು ಯೋಚಿಸುತ್ತ ಕೂರುತ್ತಿದ್ದಳು. ಎಲ್ಲ ಪಕ್ಷದವರೂ ಅದೇ ಅಂಗಡಿಯ ಗಿರಾಕಿಗಳು. ಅವಳು ಯಾವ ಭೇದಭಾವವೂ ಇಲ್ಲದೆ ಎಲ್ಲರಿಗೂ ನಕ್ಕಿದ್ದಾಳೆ.

ಹೀಗಿರುವಾಗ ಮಗಳು ಗಂಡನ ಮನೆಯಿಂದ ವಾಪಸು ಬಂದಳು. ಎಡಗೈಗೆ ಪ್ಲಾಸ್ಟರ್ ಇತ್ತು. ಬಚ್ಚಲಲ್ಲಿ ಜಾರಿ ಬಿದ್ದೆ ಎಂದಳು. ಕೆಲವು ದಿನ ಬಚ್ಚಲಿನ ಕತೆಯೇ ನಡೆಯಿತು. ಒಂಟಿ ಕೈಯಲ್ಲಿ ತಲೆ ಬಾಚಿಕೊಳ್ಳಲಾಗದೆ ಅವಳು ತಾಯಿಯ ಮುಂದೆ ಕೂತಾಗ, ಕೂದಲು ಸರಿಸುತ್ತಿದ್ದ ತಾಯಿಗೆ ಕಿವಿಯ ಹಿಂದೆ ಹಳೆಯ ಗಾಯದ ಕಲೆಯೊಂದು ಕಂಡಿತು.

“ಇದೂ ಬಚ್ಚಲೇನಾ?”

ಮಗಳು ಮೊದಲು ಅತ್ತಳು, ಆಮೇಲೆ ಎಲ್ಲ ಹೇಳಿದಳು. ಕೇಳುತ್ತ ಕೇಳುತ್ತ ತಾಯಿಯ ಕೈಯಲ್ಲಿ ಬಾಚಣಿಗೆ ಹಾಗೇ ನಿಂತಿತು.

“ಪೊಲೀಸರ ಹತ್ರ ಹೋಗೋಣ,” ಎಂದಳು.

“ಅವರು ನಂಬದೆ ಹೋದ್ರೆ?”

“ನಾನು ನಂಬಿದ್ದೀನಲ್ಲ. ನಿನ್ನ ಪಕ್ಕದಲ್ಲೇ ಇರ್ತೀನಿ, ನಡಿ.”

ಸೋಮವಾರ ಹೋಗುವುದೆಂದು ಮಾತಾಯಿತು. ಭಾನುವಾರ ಒಂದು ಸಭೆ ಇತ್ತು.

ಬಡವರಿಗೆ ಕಟ್ಟಿಸಿದ ಮನೆಗಳ ಬೀಗದ ಕೈ ಹಂಚುವ ಸಭೆ. ಹಂಚುವವರು ಆ ಭಾಗದ ದೊಡ್ಡ ನಾಯಕರು, ಎಲ್ಲರ ಬಾಯಲ್ಲಿ ಸಾಹೇಬರು. ಹಾಸ್ಯಪ್ರಜ್ಞೆಗೆ ಅವರು ಹೆಸರುವಾಸಿ ಎಂದು ಅವರ ಕಡೆಯವರೇ ಹೇಳಿಕೊಂಡು ತಿರುಗುತ್ತಿದ್ದರು. ಸಾಹೇಬರು ಮೈಕಿನ ಹತ್ತಿರ ಬಾಗಿ, ಗುಟ್ಟು ಹೇಳುವವರ ಹಾಗೆ ಅಂದರು: “ನಾವು ಕಟ್ಟಿಸಿಕೊಟ್ಟ ಗೋಡೆ ಎಷ್ಟು ಗಟ್ಟಿ ಅಂದ್ರೆ, ಒಳಗೆ ಹೆಂಡ್ತಿಗೆ ನಾಲ್ಕು ಬಿಟ್ರೂ ಪಕ್ಕದ ಮನೆಗೆ ಕೇಳಿಸಲ್ಲ!”

ನಗುವಕ್ಕ ಆಗ ನಾಳೆ ಠಾಣೆಯಲ್ಲಿ ಏನು ಹೇಳಬೇಕು, ಎಲ್ಲಿಂದ ಶುರು ಮಾಡಬೇಕು ಎಂದು ಮನಸ್ಸಿನಲ್ಲೇ ಜೋಡಿಸಿಕೊಳ್ಳುತ್ತಿದ್ದಳು. ಕನ್ನಡಕ ಕೆಳಗಿಳಿಯಿತು. ಅವಳು ನಕ್ಕಳು. ಅವಳ ಹಿಂದೆ ಪೆಂಡಾಲಿಗೆ ಪೆಂಡಾಲೇ ನಕ್ಕಿತು.

ಬೆಳಗಾಗುವಷ್ಟರಲ್ಲಿ ಆ ತುಣುಕು ಎಲ್ಲರ ಮೊಬೈಲಿನಲ್ಲೂ ಇತ್ತು. ಸಾಹೇಬರ ಮಾತು, ಅದರ ಬೆನ್ನಿಗೇ ಬಾಯಿ ತೆರೆದು ನಗುವ ಅವಳ ಮುಖ. ಮುಖದ ಸುತ್ತ ಯಾರೋ ಪುಣ್ಯಾತ್ಮರು ಕೆಂಪು ವೃತ್ತ ಬೇರೆ ಎಳೆದಿದ್ದರು. ಮಗಳಿಗೆ ಅದನ್ನು ಕಳಿಸಿದವನು ಅವಳ ಗಂಡನೇ. ಕೆಳಗೆ ಬರೆದಿದ್ದ: “ನಿಮ್ಮಮ್ಮಂಗೇ ಅರ್ಥ ಆಗಿದೆ. ನಿಂಗೆ ಯಾವಾಗ ಆಗೋದು?”

ಮಗಳು ಫೋನನ್ನು ತಾಯಿಯ ಮುಂದೆ ಹಿಡಿದಳು. ನಗುವಕ್ಕ ಸಾಹೇಬರ ಮಾತನ್ನು ಮೊದಲ ಸಲ ಕೇಳಿದ್ದು ಆಗ.

“ನಾನು ಕೇಳಿಸ್ಕೊಳ್ಳಲೇ ಇಲ್ಲ ಕಣೆ. ಕನ್ನಡಕ ಒರೆಸಿದ, ನಕ್ಕೆ.”

ಹೇಳಿದ ಮೇಲೆ ತನಗೇ ಅದು ಹೇಗೆ ಕೇಳಿಸಿತೋ, ಫೋನಿನ ಪರದೆಯನ್ನು ಅಂಗೈಯಿಂದ ಮುಚ್ಚಿದಳು.

“ನನ್ನ ಜೊತೆ ನೀನು ಬರಬೇಡಮ್ಮ,” ಎಂದಳು ಮಗಳು. “ಅಲ್ಲೂ ಯಾರಾದ್ರೂ ಕನ್ನಡಕ ಒರೆಸಿದ್ರೆ?” ಒಳಗೆ ಹೋಗಿ ಬಾಗಿಲು ಹಾಕಿಕೊಂಡಳು. ಠಾಣೆಗೆ ಒಬ್ಬಳೇ ಹೋಗುವಷ್ಟು ಧೈರ್ಯ ಅವಳಿಗಿರಲಿಲ್ಲ. ಸೋಮವಾರ ಹಾಗೇ ಕಳೆಯಿತು.

ಹೊರಗೆ ನಾಡಿಗೆ ನಾಡೇ ಕೆರಳಿ ಕೂತಿತ್ತು. ಟಿವಿಯಲ್ಲಿ ಐದು ಜನ ಗಂಡಸರು ಕೂತು ಹೆಂಗಸರಿಗೆ ನೋವಾಗಿದೆಯೇ ಇಲ್ಲವೇ ಎಂದು ಊಟದ ಹೊತ್ತು ಮೀರಿದರೂ ಚರ್ಚಿಸಿದರು. ಸಾಹೇಬರ ವಕ್ತಾರ ಮಾತನ್ನು ತಿರುಚಲಾಗಿದೆ ಎಂದ. ಇಡೀ ಮಾತನ್ನು ಹಾಕಿ ತೋರಿಸಿದಾಗ, ಅದು ಗೋಡೆಯ ಗುಣಮಟ್ಟದ ಬಗ್ಗೆ ಆಡಿದ ಮಾತು ಎಂದ. ವಿರೋಧಿ ನಾಯಕರು ಕಣ್ಣು ಒರೆಸಿಕೊಂಡರು. ಹಿಂದಿನ ಚುನಾವಣೆಯಲ್ಲಿ ಅವರೂ ಇಂಥದ್ದೇ ಒಂದು ಸಿಡಿಸಿದ್ದರು, ಆದರೆ ಅದು ಹಳೆಯದಾಗಿತ್ತು, ಹಳೆಯ ಚಟಾಕಿಗೆ ಯಾರೂ ಅಳುವುದಿಲ್ಲ. ಸಾಹೇಬರು “ಯಾರಿಗಾದರೂ ನೋವಾಗಿದ್ದರೆ” ಎಂದು ಶುರು ಮಾಡಿ, ನೋವಾದವರದೇ ತಪ್ಪು ಎನ್ನುವಲ್ಲಿಗೆ ಮುಗಿಸಿದರು. ಕೊನೆಯಲ್ಲಿ ತುರುಪಿನ ಎಲೆ ಎಸೆದರು: “ಮೊದಲ ಸಾಲಿನಲ್ಲಿದ್ದ ಆ ತಾಯೀನೇ ನಕ್ಕಿದ್ದಾರಲ್ಲ! ಅವರಿಗಿಲ್ಲದ ನೋವು ಇವರಿಗ್ಯಾಕೆ?”

ಅಲ್ಲಿಂದ ಮುಂದೆ ಸಿಟ್ಟೆಲ್ಲ ಅವಳ ಕಡೆ ತಿರುಗಿತು. ಸಾಹೇಬರನ್ನು ಬೈಯಲು ಗುಂಡಿಗೆ ಬೇಕು, ಅವಳನ್ನು ಬೈಯಲು ಬೆರಳು ಸಾಕು. ಇಂಥ ಹೆಂಗಸರಿಂದಲೇ ಹೆಣ್ಣುಕುಲಕ್ಕೆ ಈ ಗತಿ ಎಂದು ಓದಿದವರು ಬರೆದರು. ಹಾಗೆ ಬರೆದವರ ಮನೆಯಲ್ಲಿ ಕಾಫಿ ಲೋಟ ತೊಳೆಯುತ್ತಿದ್ದವರು ಯಾರು ಎಂದು ಯಾರೂ ಕೇಳಲಿಲ್ಲ. ಹಾಲಿನಂಗಡಿಯವನು ಅವಳಿಗೆ ಚಿಲ್ಲರೆ ಕೊಡುವಾಗ “ಒಂದ್ಸಲ ನಕ್ಕು ತೋರಿಸಕ್ಕ” ಎಂದ. ಅವಳು ಚಿಲ್ಲರೆಯನ್ನು ಅಲ್ಲೇ ಬಿಟ್ಟು ಬಂದಳು.

ಆ ವಾರವೇ ಅಂಗಡಿಗೆ ಹೊಸ ಆರ್ಡರು ಬಂತು. ವಿರೋಧಿಗಳು ಸಾಹೇಬರ ಹಾಸ್ಯವನ್ನು ಖಂಡಿಸಿ ಮೆರವಣಿಗೆ ಮಾಡುತ್ತಾರಂತೆ, ಹೆಂಗಸರು ಬೇಕಂತೆ.

“ನೀನೊಬ್ಬಳು ಬೇಡಕ್ಕ,” ಎಂದ ಮಾಲೀಕ, ತುಸು ಬೇಸರದಲ್ಲೇ. “ನಿನ್ನ ಮುಖ ಎಲ್ರಿಗೂ ಗೊತ್ತು. ಉಳಿದೋರು ಹೋಗಲಿ.”

ಭಾನುವಾರ ಸಾಹೇಬರಿಗೆ ನಕ್ಕ ಅದೇ ಹೆಂಗಸರು ಗುರುವಾರ ಸಾಹೇಬರಿಗೆ ಧಿಕ್ಕಾರ ಕೂಗಿದರು. ಗಂಟಲು ಹರಿಯುವಂತೆ ಕೂಗಿದರು, ಏಕೆಂದರೆ ಕನ್ನಡಕದಣ್ಣ ಪೆನ್ನು ತೆಗೆದಿದ್ದ. ನಗುವಕ್ಕ ಗೋದಾಮಿನಲ್ಲಿ ಒಬ್ಬಳೇ ಕೂತು ಗವಸು ಹೊಲಿದಳು. ನಿಜವಾಗಿ ಕೂಗಬೇಕು ಅನ್ನಿಸಿದವಳು ಅವಳೊಬ್ಬಳೇ, ಅವಳಿಗೆ ಮಾತ್ರ ಕರೆ ಇರಲಿಲ್ಲ.

ಮನೆಯಲ್ಲಿ ಮಗಳು ಹಾಕಿದ್ದನ್ನು ತಿನ್ನುವಳು, ಕೇಳಿದ್ದಕ್ಕೆ ಹೂಂ ಅನ್ನುವಳು. ತಲೆ ಬಾಚಿಸಿಕೊಳ್ಳಲು ಬಂದು ಕೂರುವುದನ್ನು ಬಿಟ್ಟಳು. ಗಂಡನ ಫೋನು ಬರತೊಡಗಿತ್ತು. ಒಂದು ದಿನ ಅವಳು ಬಟ್ಟೆಗಳನ್ನು ಚೀಲಕ್ಕೆ ತುಂಬುತ್ತಿದ್ದುದು ಕಂಡಿತು.

“ಎಲ್ಲಿಗೆ?”

“ವಾಪಸು. ಇಲ್ಲೂ ಅದೇ, ಅಲ್ಲೂ ಅದೇ. ಅಲ್ಲಾದ್ರೆ ನನ್ನ ಪಾತ್ರೆಗಳಾದ್ರೂ ಇವೆ.”

ನಗುವಕ್ಕ ಕಾಲಿಗೆ ಬಿದ್ದು ಬೇಡಿಕೊಳ್ಳಲೂ ಸಿದ್ಧಳಿದ್ದಳು, ಆದರೆ ಅವಳ ಮಾತಿಗೆ ಈಗ ಏನು ಬೆಲೆ? “ಈ ಭಾನುವಾರದ ತನಕ ಇರು,” ಎಂದಷ್ಟೇ ಹೇಳಿದಳು. ಮಗಳು ಹೂಂ ಎನ್ನಲಿಲ್ಲ, ಚೀಲವನ್ನು ಮಾತ್ರ ಗೋಡೆಗೆ ಒರಗಿಸಿಟ್ಟಳು.

ಆ ಭಾನುವಾರ ಸಾಹೇಬರ ಸ್ಪಷ್ಟೀಕರಣ ಸಭೆ. ಕ್ಷಮೆ ಅನ್ನುವ ಪದ ಅವರ ಗಂಟಲಿನಿಂದ ಹೊರಡದ್ದರಿಂದ ಸ್ಪಷ್ಟೀಕರಣ ಎಂದು ಹೆಸರಿಟ್ಟಿದ್ದರು. ಈ ಸಲ ಅವಳೇ ಬೇಕು ಎಂದು ಹೇಳಿ ಕಳಿಸಿದ್ದರು. ವೇದಿಕೆಗೆ ಕರೆದು ಹೂಗುಚ್ಛ ಕೊಡುತ್ತಾರಂತೆ. ಮಾಲೀಕನ ಮುಖ ಅರಳಿತ್ತು, ಅಂಗಡಿಗೇ ಮರ್ಯಾದೆ ಬಂದ ಹಾಗೆ.

ಪೆಂಡಾಲು ತುಂಬಿತ್ತು. ಕ್ಯಾಮೆರಾಗಳು ಸಾಲಾಗಿ ನಿಂತಿದ್ದವು. ಸಾಹೇಬರು ಹೆಣ್ಣನ್ನು ತಾನು ಎಷ್ಟು ಗೌರವಿಸುತ್ತೇನೆ ಎಂದು ಹೇಳಿ, ಅದಕ್ಕೆ ಸಾಕ್ಷಿಯಾಗಿ ತನಗೂ ಒಬ್ಬ ತಾಯಿ ಇದ್ದಳು ಎಂದರು. ಪೆನ್ನು ಹೊರಬಂತು, ಚಪ್ಪಾಳೆ ಬಿತ್ತು. ಆಮೇಲೆ ಅವಳನ್ನು ಮೇಲೆ ಕರೆಸಿ, ಹೂಗುಚ್ಛ ಕೈಗಿಟ್ಟು, ಮೈಕನ್ನು ಬಾಯಿಯ ಹತ್ತಿರ ಹಿಡಿದರು.

“ಹೇಳಿ ತಾಯಿ, ಎಲ್ರೂ ಕೇಳಲಿ. ಅವತ್ತು ನನ್ನ ಮಾತಿಗೆ ನಿಮಗೆ ನಗು ಬಂತಾ, ಇಲ್ವಾ?”

ಗೋಡೆಗೆ ಒರಗಿಸಿಟ್ಟ ಚೀಲ ಅವಳ ಕಣ್ಣ ಮುಂದೆ ಬಂತು.

“ನಗು ಅಂದ್ರು, ನಕ್ಕೆ ಸಾಹೇಬ್ರೇ,” ಎಂದಳು. “ನೀವು ಏನಂದ್ರಿ ಅಂತ ಮಾರನೇ ದಿನ ಗೊತ್ತಾಯ್ತು. ನನ್ನ ಮಗಳ ಕೈ ಮುರಿದಿದ್ದಾನೆ ಅವಳ ಗಂಡ. ನಮ್ಮನೇಲಿ ಯಾರಿಗೂ ನಗು ಬರಲಿಲ್ಲ.”

ಸಾಹೇಬರ ಬಾಯಿ ತೆರೆದದ್ದು ತೆರೆದ ಹಾಗೇ ಇತ್ತು. ವೇದಿಕೆಯ ಪಕ್ಕದಲ್ಲಿ ಕನ್ನಡಕದಣ್ಣ ಬೆವೆತು ನೀರಾದ. ಹಣೆಯಿಂದ ಇಳಿದ ಬೆವರು ಗಾಜಿನ ಮೇಲೆ ಹರಿದು ಕಣ್ಣೇ ಕಾಣದಂತಾಯಿತು. ಪಾಪ, ಅವನೇನು ಮಾಡಿಯಾನು, ಕನ್ನಡಕ ತೆಗೆದು ಒರೆಸಿದ.

ಹೆಂಗಸರು ನಕ್ಕರು.

ಮೊದಲ ಸಾಲು ನಕ್ಕಿತು, ಎರಡನೆಯದು ನಕ್ಕಿತು, ಹಿಂದಿದ್ದವರು ಬಾಯಿ ತೆರೆದು ನಿಂತ ಸಾಹೇಬರನ್ನು ನೋಡಿ ಸಂಬಳವಿಲ್ಲದೆಯೇ ನಕ್ಕರು. ಕನ್ನಡಕದಣ್ಣ ಗಾಬರಿಯಲ್ಲಿ ಇನ್ನೂ ಜೋರಾಗಿ ಒರೆಸಿದ, ನಗು ಇನ್ನೂ ಜೋರಾಯಿತು. ವೇದಿಕೆಯ ಮೇಲೆ ನಗದೆ ನಿಂತವರು ಇಬ್ಬರೇ, ಸಾಹೇಬರು ಮತ್ತು ನಗುವಕ್ಕ.

ಸಂಜೆಯ ಟಿವಿಯಲ್ಲಿ ಅದೇ ವಕ್ತಾರ ಕೆಂಡ ಕಾರಿದ. ಜನನಾಯಕರೊಬ್ಬರನ್ನು ನಗೆಪಾಟಲು ಮಾಡಿದ್ದು ಅಕ್ಷಮ್ಯ, ಇದರ ಹಿಂದೆ ಷಡ್ಯಂತ್ರವಿದೆ, ತನಿಖೆಯಾಗಬೇಕು ಎಂದ. ಹಾಸ್ಯವನ್ನು ಹಾಸ್ಯವಾಗಿ ತೆಗೆದುಕೊಳ್ಳಿ ಎಂದು ವಾರವಿಡೀ ಬುದ್ಧಿ ಹೇಳಿದವನಿಗೆ ಈ ಹಾಸ್ಯ ಮಾತ್ರ ಜೀರ್ಣವಾಗಲಿಲ್ಲ. ಮಾಲೀಕ ಅವಳನ್ನು ನಗುವ ಕೆಲಸದಿಂದ ತೆಗೆದ. ಹೊಲಿಗೆ ಬಲ್ಲವರು ಸಿಗುವುದು ಕಷ್ಟವಾದ್ದರಿಂದ ಗವಸಿನ ಕೆಲಸದಲ್ಲಿ ಉಳಿಸಿಕೊಂಡ.

ಅವಳು ಮನೆಗೆ ಬಂದಾಗ ಚೀಲ ಗೋಡೆಯ ಹತ್ತಿರ ಇರಲಿಲ್ಲ. ಒಳಗೆ ಹೋಗಿ ನೋಡಿದರೆ ಬಟ್ಟೆಗಳು ಕಪಾಟಿನಲ್ಲಿದ್ದವು. ಮಗಳು ಬಾಚಣಿಗೆ ಹಿಡಿದುಕೊಂಡು ನೆಲದ ಮೇಲೆ ಕೂತಿದ್ದಳು.

“ನಾಳೆ ಹೋಗೋಣ,” ಎಂದಳು. “ಬೇಗ ಬಾಚು, ಸಿಕ್ಕಾಗಿದೆ.”

ಠಾಣೆಯಲ್ಲಿ ದೂರು ಬರೆದುಕೊಳ್ಳುವ ಪೇದೆ ತಾಯಿಯ ಮುಖವನ್ನು ಗುರುತು ಹಿಡಿದ. “ಓಹೋ, ನಗುವಕ್ಕ ಅಲ್ವಾ!” ಎಂದು ಖುಷಿಪಟ್ಟ. ಮಗಳು ಹೇಳಿದ್ದನ್ನು ಅರ್ಧಂಬರ್ಧ ಕೇಳಿದ, ಗಂಡ ಹೆಂಡತಿ ಅಂದಮೇಲೆ ಇವೆಲ್ಲ ಇದ್ದದ್ದೇ ಎಂದ. ಆಮೇಲೆ ಪೆನ್ನು ಕೆಳಗಿಟ್ಟು ಕಣ್ಣು ಮಿಟುಕಿಸಿದ.

“ಅದಿರಲಿ, ಪಕ್ಕದ ಮನೆಯೋರಿಗೆ ಕೇಳಿಸ್ತಾ? ಗೋಡೆ ಹೇಗಿದೆ, ಗಟ್ಟೀನಾ?”

ಹೇಳಿ ಅವನು ನಗುವಕ್ಕನ ಕಡೆ ನೋಡಿದ. ಅವಳಿಂದ ಶುರುವಾಗಬೇಕಲ್ಲ. ಅವಳು ಅವನ ಮುಖವನ್ನೇ ನೋಡುತ್ತ ಕೂತಳು. ಅವನ ನಗು ತುಟಿಯ ಮೇಲೆ ಸ್ವಲ್ಪ ಹೊತ್ತು ಒಂಟಿಯಾಗಿ ನಿಂತು, ನಾಚಿಕೊಂಡು ಇಳಿಯಿತು.

“ಕೇಳಿಸ್ತಿತ್ತು,” ಎಂದಳು ಮಗಳು. “ನಾನು ಕೂಗಿದಾಗೆಲ್ಲ ಅವರು ಟಿವಿ ಸೌಂಡ್ ಜಾಸ್ತಿ ಮಾಡ್ತಿದ್ರು.”

“ಬರ್ಕೊಳ್ಳಿ,” ಎಂದಳು ತಾಯಿ.

ಅವನು ಪೆನ್ನು ಎತ್ತಿಕೊಂಡು ಬರೆದುಕೊಂಡ.